ಗೇಟಿನವನಿಗೆ ವೇಷ ಯಾರದ್ದೆಂದು ಗೊತ್ತಿಲ್ಲ

ಉಡುಪಿಯ ರಥಬೀದಿ ಹತ್ತಿರ ಬನ್ಸ್ ತಿನ್ನುತ್ತಾ ಅಕ್ಕನ ಮಗ ಕೇಳಿದ: "ಮಾವ, ಪ್ರೈವೇಟ್ ಫಂಕ್ಷನ್ ಓವರ್‌ರೈಡ್ ಮಾಡ್ಲಿಕ್ಕೆ ಆಗುದಿಲ್ಲ ಅಲ್ವಾ?" ಓವರ್‌ರೈಡ್ ಅಂದ್ರೆ ಮೂಲ ಕ್ಲಾಸಿನ ಫಂಕ್ಷನ್ನನ್ನು ಅದರಿಂದ ಹುಟ್ಟಿದ ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆದುಕೊಳ್ಳುವುದು. ಸರ್ ಹೇಳಿದ್ದನ್ನು ಇಂಟರ್‌ವ್ಯೂಗೆಂದು ಬಾಯಿಪಾಠ ಮಾಡಿದ ಉತ್ತರ. ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಶುದ್ಧ ತಪ್ಪು.

"ಆಗ್ತದೆ ಮಾರಾಯ" ಅಂದೆ. ನಂಬಲಿಲ್ಲ. ಲ್ಯಾಪ್‌ಟಾಪ್ ತೆಗೆಸಿದೆ. 'ವೇಷ' ಎಂಬ ಬೇಸ್ ಕ್ಲಾಸ್. ಅದರಲ್ಲಿ 'ಕುಣಿ' ಪ್ರೈವೇಟ್, ಆದರೆ ವರ್ಚುಯಲ್; ಅಂದ್ರೆ ಯಾರ 'ಕುಣಿ' ಓಡಬೇಕೆಂಬುದು ಓಡುವಾಗ ಆಬ್ಜೆಕ್ಟ್ ನೋಡಿ ತೀರ್ಮಾನ. 'ಪ್ರವೇಶ' ಪಬ್ಲಿಕ್, ಅದರ ಒಳಗಿಂದ 'ಕುಣಿ'ಗೆ ಕರೆ. 'ಬಣ್ಣದವೇಷ' ಎಂಬ ಡಿರೈವ್ಡ್ ಕ್ಲಾಸ್ ತನ್ನದೇ 'ಕುಣಿ' ಬರೆದುಕೊಂಡಿತು. ಬಣ್ಣದವೇಷದ ಆಬ್ಜೆಕ್ಟನ್ನು ತೋರಿಸುವ 'ವೇಷ' ಪಾಯಿಂಟರ್ ಹಿಡಿದು 'ಪ್ರವೇಶ' ಕರೆದರೆ ಕುಣಿದದ್ದು ಬಣ್ಣದವೇಷವೇ!

ಯಕ್ಷಗಾನ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಪದ್ಯ ಎತ್ತುವುದು ಭಾಗವತರು, ಕುಣಿಯುವುದು ಆ ದಿನ ಬಣ್ಣ ಹಚ್ಚಿದವರು. ನೀವು ಕುರ್ಚಿಯಿಂದ "ಈಗ ಕುಣಿ" ಅನ್ನುವಂತಿಲ್ಲ. ಪ್ರೈವೇಟ್ ಅಂದ್ರೆ ಅಷ್ಟೇ: ಯಾರು ಕರೆಯಬಹುದು ಎಂಬ ಲೆಕ್ಕ. ಯಾರು ಕುಣಿಯಬೇಕು ಎಂಬುದು ಬೇರೆ ಲೆಕ್ಕ.

ಟೆಂಟಿನ ಆಟದ ಗೇಟು ನೆನಪಿಸಿಕೊಳ್ಳಿ. ಅಲ್ಲಿ ನಿಂತವನು ಟಿಕೆಟ್ ನೋಡಿ ಬಿಡುತ್ತಾನೆ, ಬಣ್ಣ ಹಚ್ಚುವ ಚೌಕಿಯಲ್ಲಿ ಯಾರಿದ್ದಾರೆಂದು ಅವನಿಗೇನು ಗೊತ್ತು? ನಾವು ಬರೆದ ಕೋಡನ್ನು ಓಡುವ ಮೊದಲೇ ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ಗೇಟಿನವನು. ಪಾಯಿಂಟರ್‌ನ ಟೈಪ್ ಅದರ ಕೈಗೆ ಸಿಗುವ ಟಿಕೆಟ್. ಪ್ರೋಗ್ರಾಂ ಓಡುವಾಗ ಅದು ಮನೆಗೆ ಹೋಗಿರುತ್ತದೆ. ಆಮೇಲಿನ ಕೆಲಸ ವಿಟೇಬಲ್‌ನದ್ದು, ಅಂದ್ರೆ ಕ್ಲಾಸಿನ ವರ್ಚುಯಲ್ ಫಂಕ್ಷನ್‌ಗಳ ಪಟ್ಟಿಯದ್ದು. ವರ್ಚುಯಲ್ ಫಂಕ್ಷನ್ ಇರುವ ಕ್ಲಾಸಿನ ಪ್ರತಿ ಆಬ್ಜೆಕ್ಟ್ ಸಾಮಾನ್ಯವಾಗಿ ಆ ಪಟ್ಟಿಗೆ ಒಂದು ಪಾಯಿಂಟರ್ ಇಟ್ಟುಕೊಂಡಿರುತ್ತದೆ, 64 ಬಿಟ್ ಯಂತ್ರದಲ್ಲಿ 8 ಬೈಟ್. ಪಟ್ಟಿಯಲ್ಲಿ ಮುಖ್ಯವಾಗಿ ಇರುವುದು ಫಂಕ್ಷನ್‌ಗಳ ವಿಳಾಸ. ಪಬ್ಲಿಕ್ಕೋ ಪ್ರೈವೇಟೋ ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ.

ಪ್ರೈವೇಟ್, ವರ್ಚುಯಲ್ ಇವೆರಡೂ ಹುಟ್ಟಿದ್ದೂ ಬೇರೆ ಬೇರೆಯಾಗಿಯೇ. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಕಟ್ಟಿದ ಸಿಮುಲಾ 67 ಭಾಷೆಯಲ್ಲಿ ವರ್ಚುಯಲ್ ಮೊದಲು ಬಂತು, ಮುಚ್ಚಿಡುವ ಏರ್ಪಾಟು ಆಮೇಲೆ. ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರು ಮಾಡಿದ, ಮುಂದೆ ಸಿ ಪ್ಲಸ್ ಪ್ಲಸ್ ಆದ 'ಸಿ ವಿತ್ ಕ್ಲಾಸಸ್'ನಲ್ಲಿ ಉಲ್ಟಾ: ಪ್ರೈವೇಟ್ ಮೊದಲು, ವರ್ಚುಯಲ್ 1983ರ ಹೊತ್ತಿಗೆ.

ಅಳಿಯ ಈಗ ತಿರುಗಿಸಿ ನೋಡಿದ. ಬೇಸ್‌ನಲ್ಲಿ 'ಕುಣಿ' ಪಬ್ಲಿಕ್, ಬಣ್ಣದವೇಷದಲ್ಲಿ ಪ್ರೈವೇಟ್. 'ವೇಷ' ಪಾಯಿಂಟರ್‌ನಿಂದ ಕರೆದರೆ ಸಲೀಸಾಗಿ ಕುಣಿಯಿತು. ಬಣ್ಣದವೇಷದ ಆಬ್ಜೆಕ್ಟನ್ನೇ ಹಿಡಿದು ಕರೆದರೆ ಕಂಪೈಲರ್ ಗೇಟಿನಲ್ಲೇ ತಡೆಯಿತು.

"ಹಾಗಾದ್ರೆ ಸರ್ ಹೇಳಿದ್ದು?"

ಅವರು ಹೇಳಿದ್ದು ಜಾವಾ ಭಾಷೆಯ ಬಗ್ಗೆ ಇರಬೇಕು. ಅಲ್ಲಿ ಪ್ರೈವೇಟ್ ಮೆಥಡ್ ಓವರ್‌ರೈಡ್ ಆಗುವುದೇ ಇಲ್ಲ. ಬೇಸ್‌ನಲ್ಲಿ ಪಬ್ಲಿಕ್ ಇದ್ದದ್ದನ್ನು ಕೆಳಗೆ ಪ್ರೈವೇಟ್ ಮಾಡಲಿಕ್ಕೂ ಬಿಡುವುದಿಲ್ಲ. ಅದು ಬೇರೆಯೇ ಮೇಳ.