ಕಡ್ಡಿ ಫುಲ್ ಇದೆ, ನೆಟ್ ಯಾಕೆ ಬರಲ್ಲ?

ಹದಿನೆಂಟು ವರ್ಷದಿಂದ ಮೊಬೈಲ್ ಟವರ್‌ಗಳ ಸುತ್ತ ತಿರುಗುವುದೇ ನನ್ನ ಕೆಲಸ. ಕಾರಿನಲ್ಲಿ ಒಂದು ಲ್ಯಾಪ್‌ಟಾಪ್, ನಾಲ್ಕು ಫೋನ್, ಒಂದು ಜಿಪಿಎಸ್ ಇಟ್ಟುಕೊಂಡು ಬೀದಿ ಬೀದಿ ಅಲೆದು ಸಿಗ್ನಲ್ ಅಳೆಯುತ್ತೇವೆ. ಇದಕ್ಕೆ ನಮ್ಮಲ್ಲಿ ಡ್ರೈವ್ ಟೆಸ್ಟ್ ಅನ್ನುತ್ತಾರೆ. ಎಲ್ಲ ಕಂಪನಿಗಳಿಗೂ ಒಂದಲ್ಲ ಒಂದು ಕಾಲದಲ್ಲಿ ಈ ಕೆಲಸ ಮಾಡಿದ್ದೇನೆ. ಹಾಗಾಗಿ ಯಾರ ಪರವಾಗಿಯೂ ಮಾತಾಡಬೇಕಾದ ಅಗತ್ಯ ನನಗಿಲ್ಲ.

ಯಾವ ಮದುವೆಗೆ ಹೋದರೂ, ಯಾವ ಗೃಹಪ್ರವೇಶಕ್ಕೆ ಹೋದರೂ ನನಗೆ ಎರಡು ಪ್ರಶ್ನೆ ಕಾದಿರುತ್ತವೆ. ಮೊದಲನೆಯದು, ‘ಯಾವ ಸಿಮ್ ಒಳ್ಳೇದು?’ ಎರಡನೆಯದು ಪ್ರಶ್ನೆಯಲ್ಲ, ದೂರು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, ‘ನೋಡಿ ಸಾರ್, ಕಡ್ಡಿ ಫುಲ್ ಇದೆ. ನೆಟ್ ಮಾತ್ರ ಬರಲ್ಲ. ಇದು ಮೋಸ ಅಲ್ವಾ?’ ಅನ್ನುತ್ತಾರೆ.

ಮೋಸ ಅಲ್ಲ. ಕಡ್ಡಿಯೇ ಬೇರೆ, ನೆಟ್ಟೇ ಬೇರೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದ ದಿನ ತಲೆಯಾಡಿಸುತ್ತಾರೆ, ಮುಂದಿನ ತಿಂಗಳು ಅದೇ ಫೋನ್ ಹಿಡಿದುಕೊಂಡು ಬರುತ್ತಾರೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಬಡಿಸುವವನು ‘ಅನ್ನ ಅನ್ನ ಅನ್ನ’ ಅಂತ ಕೂಗುತ್ತಾ ಬರುತ್ತಿದ್ದಾನೆ. ಕೂಗು ನಿಮಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಅಷ್ಟಕ್ಕೇ ಎಲೆಗೆ ಅನ್ನ ಬಿತ್ತಾ? ಇಲ್ಲ. ಪಂಕ್ತಿಯಲ್ಲಿ ನಲವತ್ತು ಜನ ಇದ್ದರೆ ಬೇಗ ಬೀಳುತ್ತದೆ. ನಾನೂರು ಜನ ಕೂತಿದ್ದು ಬುಟ್ಟಿ ಒಂದೇ ಇದ್ದರೆ ಕಾಯಬೇಕು. ಫೋನಿನ ಕಡ್ಡಿ ತೋರಿಸುವುದು ಆ ಕೂಗು ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನುವುದನ್ನು ಮಾತ್ರ. ಬುಟ್ಟಿಯಲ್ಲಿ ಎಷ್ಟಿದೆ, ನಿಮಗಿಂತ ಮುಂಚೆ ಎಷ್ಟು ಎಲೆ ಇವೆ, ಇದು ಯಾವುದೂ ಅದಕ್ಕೆ ಗೊತ್ತಿಲ್ಲ.

ನಮ್ಮ ಭಾಷೆಯಲ್ಲಿ ಮೊದಲನೆಯದು ಕವರೇಜ್, ಎರಡನೆಯದು ಕೆಪ್ಯಾಸಿಟಿ. ಒಂದು 4ಜಿ ಟವರ್‌ಗೆ 10 ಮೆಗಾಹರ್ಟ್ಸ್ ತರಂಗ ಕೊಟ್ಟರೆ ಹಂಚಲು 50 ತುಂಡು ಸಿಗುತ್ತವೆ, 20 ಕೊಟ್ಟರೆ 100. ಈ ತುಂಡುಗಳನ್ನು ಟವರ್ ಸೆಕೆಂಡಿಗೆ ಸಾವಿರ ಸಲ ಯಾರಿಗೆ ಎಷ್ಟು ಅಂತ ಹಂಚುತ್ತಲೇ ಇರುತ್ತದೆ. ಆ ಏರಿಯಾದಲ್ಲಿ ಒಂದೇ ಹೊತ್ತಿಗೆ ರೀಲ್ಸ್ ನೋಡುವವರು ಜಾಸ್ತಿಯಾದರೆ ನಿಮ್ಮ ಪಾಲಿಗೆ ಬರುವುದು ಕಡಿಮೆ. ನೀವು ಟವರ್ ಬುಡದಲ್ಲೇ ನಿಂತಿದ್ದರೂ ಅಷ್ಟೇ. ಇನ್ನೊಂದು ವಿಷಯ, ಅಡುಗೆ ಮನೆಯಿಂದ ಪಂಕ್ತಿಗೆ ಬರುವ ದಾರಿಯೂ ಅಗಲ ಇರಬೇಕು. ಟವರ್‌ವರೆಗೆ ಫೈಬರ್ ಎಳೆದಿದ್ದರೆ ಅಗಲ ದಾರಿ. ತಂತಿಯಿಲ್ಲದೆ ಟವರ್‌ನಿಂದ ಟವರ್‌ಗೆ ಕಳಿಸುವ ಹಳೆಯ ಮೈಕ್ರೋವೇವ್ ಡಿಶ್‌ನಲ್ಲೇ ನಡೆಯುತ್ತಿದ್ದರೆ ಓಣಿ.

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಪರಿಚಯದವರ ಅಂಗಡಿ. ಶನಿವಾರ ಸಂಜೆ ಏಳು ಗಂಟೆ. ಒಬ್ಬ ಹೆಣ್ಣುಮಗಳು ಎರಡು ಸೀರೆ ಕಟ್ಟಿಸಿಕೊಂಡು ದುಡ್ಡು ಕಳಿಸಿದ್ದರು. ಅವರ ಫೋನಿನಲ್ಲಿ ಟಿಕ್ ಬಂದಿತ್ತು. ಅಂಗಡಿಯ ಕ್ಯೂಆರ್ ಡಬ್ಬಿ ಮಾತ್ರ ಬಾಯಿ ಬಿಡಲಿಲ್ಲ. ಚೀಲ ಹಿಡಿದು ಅವರು ನಿಂತಿದ್ದಾರೆ, ಯಜಮಾನರು ಡಬ್ಬಿಯನ್ನು ಕಿವಿಗೆ ಹಚ್ಚಿಕೊಂಡು ಕೂತಿದ್ದಾರೆ. ಅವರಿಗೆ ‘ಹೋಗಮ್ಮಾ’ ಅನ್ನಲು ಧೈರ್ಯವಿಲ್ಲ, ‘ನಿಲ್ಲಮ್ಮಾ’ ಅನ್ನಲು ಸಂಕೋಚ. ಹಿಂದೆ ಇನ್ನೂ ಆರು ಜನ. ನಾನು ಟೆಸ್ಟ್ ಫೋನನ್ನು ಸೀರೆಗಳ ಮೇಲೇ ಇಟ್ಟು ನೋಡಿದೆ. ಸಿಗ್ನಲ್ ಮೈನಸ್ 71 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಇದಕ್ಕಿಂತ ಚೆನ್ನಾಗಿ ಬೇಕಾಗೇ ಇಲ್ಲ, ಯಾಕೆಂದರೆ ಟವರ್ ಇದ್ದಿದ್ದು ಮೂರು ಅಂಗಡಿ ಆಚೆಯ ಮಹಡಿ ಮೇಲೆ. ಸ್ಪೀಡ್ ಅರ್ಧ ಎಂಬಿಪಿಎಸ್ ಕೂಡ ಇರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ಜಾಗದಲ್ಲಿ ಅದೇ ಫೋನ್ ಇಟ್ಟೆ. ಸಿಗ್ನಲ್ ಅಷ್ಟೇ ಇತ್ತು. ಸ್ಪೀಡ್ 22.

‘ಟವರ್ ಇಲ್ಲೇ ಇದೆಯಲ್ಲ ಸಾರ್, ಕೈ ಚಾಚಿದರೆ ಸಿಗುತ್ತೆ’ ಅಂತ ಯಜಮಾನರು ಮತ್ತೆ ಮತ್ತೆ ಹೇಳುತ್ತಿದ್ದರು. ಪಾಪ, ಅವರು ಆ ಕಂಪನಿಗೆ ನಾಲ್ಕು ಸಲ ದೂರು ಕೊಟ್ಟಿದ್ದರು. ನಾಲ್ಕು ಸಲವೂ ‘ನಿಮ್ಮ ಜಾಗದಲ್ಲಿ ಸಿಗ್ನಲ್ ಚೆನ್ನಾಗಿದೆ’ ಅಂತ ಮೆಸೇಜ್ ಬಂದು ದೂರು ಮುಚ್ಚಿತ್ತು.

ಈ ವಿಷಯ ಗೊತ್ತಿದ್ದರೆ ಕಷ್ಟದಲ್ಲಿರುವ ಕಂಪನಿಯೊಂದರಲ್ಲಿ ಒಳಗೆ ಏನಾಗುತ್ತದೆ ಅನ್ನುವುದೂ ಅರ್ಥವಾಗುತ್ತದೆ. ಎಲ್ಲರೂ ಕೇಳುವುದು ವೊಡಾಫೋನ್ ಐಡಿಯಾ ಬಗ್ಗೆ, ಅಂದರೆ ಈಗಿನ ವಿಐ. 2018ರ ಆಗಸ್ಟ್ 31ರಂದು ಎರಡು ಕಂಪನಿ ಸೇರಿದಾಗ 40 ಕೋಟಿಗೂ ಹೆಚ್ಚು ಗ್ರಾಹಕರಿದ್ದರು, ದೇಶದಲ್ಲೇ ದೊಡ್ಡ ಕಂಪನಿ. 2025ರ ಮಾರ್ಚ್ ಹೊತ್ತಿಗೆ ಅದು 20 ಕೋಟಿಗಿಂತ ಸ್ವಲ್ಪ ಕೆಳಗೆ ಬಂತು. ಅರ್ಧಕ್ಕರ್ಧ ಹೋದರು. ಯಾಕೆ?

ಜಿಯೋ ಬಂತು, ರೇಟು ನೆಲಕ್ಕೆ ಬಿತ್ತು, ಅದು ಎಲ್ಲರಿಗೂ ಗೊತ್ತು. 2016ರ ಸೆಪ್ಟೆಂಬರ್‌ನಿಂದ ಆರು ತಿಂಗಳು ಪೂರ್ತಿ ಪುಕ್ಕಟೆ ಕೊಟ್ಟರೆ ಯಾರು ತಾನೇ ಬೇಡ ಅಂದಾರು. ಆದರೆ ನನ್ನ ಪ್ರಕಾರ ವಿಐಗೆ ಹೆಚ್ಚು ಪೆಟ್ಟು ಬಿದ್ದಿದ್ದು ಜೋಡಣೆ ಕೆಲಸದಲ್ಲಿ ತಪ್ಪು ಸಮಯಕ್ಕೆ ಸಿಕ್ಕಿಕೊಂಡಿದ್ದರಿಂದ. ಎರಡು ಕಂಪನಿಯ ನೆಟ್‌ವರ್ಕ್ ಒಂದು ಮಾಡುವುದು ಅಂದರೆ ಸುಮ್ನೆ ಬೋರ್ಡ್ ಬದಲಿಸುವುದಲ್ಲ. ಕರ್ನಾಟಕವನ್ನೇ ನೋಡಿ. ಒಂದು ಕಡೆ ಹಚ್ (ವೊಡಾಫೋನಿನ ಹಳೇ ಹೆಸರು) ಕಾಲದಿಂದ ಬಂದ ವೊಡಾಫೋನ್ ಟವರ್‌ಗಳು, ಇನ್ನೊಂದು ಕಡೆ ಐಡಿಯಾ 2008ರಲ್ಲಿ ಕೊಂಡುಕೊಂಡ ಸ್ಪೈಸ್ ಕಂಪನಿಯ ಟವರ್‌ಗಳು. ಒಂದೇ ಮಹಡಿ ಮೇಲೆ ಎರಡೂ ಇದ್ದರೆ ಒಂದನ್ನು ತೆಗೆಯಬೇಕು. ಯಾವುದನ್ನು? ತೆಗೆದರೆ ಹಿಂದಿನ ಓಣಿಯ ಮನೆಗಳ ಗತಿ ಏನು? ಇದನ್ನು ಟವರ್ ಟವರ್‌ಗೂ ಕೂತು ಲೆಕ್ಕ ಹಾಕಬೇಕು. ಬೇರೆ ಇಬ್ಬರು 4ಜಿ ಹೆಚ್ಚಿಸುತ್ತಾ ಓಡುತ್ತಿದ್ದಾಗ ಇವರು ಈ ಜೋಡಣೆಯಲ್ಲಿ ಮುಳುಗಿದ್ದರು.

ಅದು ಮುಗಿಯುವ ಮುಂಚೆಯೇ 2019ರ ಅಕ್ಟೋಬರ್ 24ಕ್ಕೆ ಸುಪ್ರೀಂ ಕೋರ್ಟಿನ ಎಜಿಆರ್ (ಸರ್ಕಾರದ ಪಾಲನ್ನು ಲೆಕ್ಕ ಹಾಕುವ ಆದಾಯ) ತೀರ್ಪು ಬಂತು. ಕಂಪನಿಗಳು ಸರ್ಕಾರಕ್ಕೆ ಆದಾಯದಲ್ಲಿ ಪಾಲು ಕೊಡಬೇಕು. ಆ ಆದಾಯಕ್ಕೆ ಕಂಪನಿಗೆ ಬರುವ ಬಡ್ಡಿ, ಬಾಡಿಗೆ ಇಂಥವೂ ಸೇರುತ್ತವೆ ಅಂತ ಕೋರ್ಟ್ ಹೇಳಿತು. ಹಳೇ ಬಾಕಿ, ಅದಕ್ಕೆ ಬಡ್ಡಿ, ದಂಡ, ದಂಡಕ್ಕೆ ಬಡ್ಡಿ ಎಲ್ಲ ಒಟ್ಟಿಗೆ ಮೈಮೇಲೆ ಬಿತ್ತು. ಆ ಒಂದು ತ್ರೈಮಾಸಿಕದಲ್ಲೇ ಕಂಪನಿ ತೋರಿಸಿದ ನಷ್ಟ ₹50,922 ಕೋಟಿ. ಆಮೇಲೆ ಸರ್ಕಾರ ಬಾಕಿಯನ್ನು ಷೇರಾಗಿ ಬದಲಿಸಿಕೊಳ್ಳುತ್ತಾ ಹೋಗಿ, 2025ರಲ್ಲಿ ಹತ್ತಿರ ಹತ್ತಿರ 49 ಪರ್ಸೆಂಟ್ ಪಾಲುದಾರನಾಯಿತು. (ಷೇರು ತಗೊಳ್ಳಬಹುದಾ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಅದು ನನ್ನ ವಿದ್ಯೆ ಅಲ್ಲ.)

ಈಗ ಪಂಕ್ತಿಗೆ ವಾಪಸ್ ಬನ್ನಿ. ಟೆಲಿಕಾಂನಲ್ಲಿ ಯಾವ ಕಂಪನಿಗೇ ಆಗಲಿ ಕೈಯಲ್ಲಿ ದುಡ್ಡಿಲ್ಲದಾಗ ಮೊದಲು ನಿಲ್ಲುವುದು ಏನು? ಟವರ್ ನಿಲ್ಲುವುದಿಲ್ಲ. ಟವರ್ ಕಿತ್ತರೆ ಜನಕ್ಕೆ ಕಾಣುತ್ತದೆ, ಗಲಾಟೆ ಆಗುತ್ತದೆ. ನಿಲ್ಲುವುದು ಎರಡನೇ ಬುಟ್ಟಿ. ಈ ವರ್ಷ ಇನ್ನೊಂದು ಬ್ಯಾಂಡ್, ಅಂದರೆ ಹೆಚ್ಚುವರಿ ತರಂಗ, ಹಾಕಬೇಕಿತ್ತು, ಮುಂದಿನ ವರ್ಷ ನೋಡೋಣ. ಫೈಬರ್ ಎಳೆಯಬೇಕಿತ್ತು, ಇರಲಿ ಬಿಡು. ಹೀಗೆ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಜನ ಬಳಸುವ ಡೇಟಾ ದುಪ್ಪಟ್ಟಾಗಿರುತ್ತದೆ. ಹಾಗಾಗಿ ಕಡ್ಡಿ ಹಾಗೇ ಇರುತ್ತದೆ, ನೆಟ್ ಸಾಯುತ್ತದೆ. ಗ್ರಾಹಕನಿಗೆ ಮೋಸ ಹೋದ ಹಾಗೆ ಅನಿಸುವುದು ಇದಕ್ಕೇ. ಬೇರೆಯವರ 5ಜಿ ಬೆಂಗಳೂರಿಗೆ 2022ರಲ್ಲೇ ಬಂತು, ವಿಐ 5ಜಿ ಬಂದಿದ್ದು 2025ರ ಜೂನ್‌ನಲ್ಲಿ. ಮಧ್ಯದ ಆ ಎರಡೂವರೆ ವರ್ಷದಲ್ಲಿ ಒಳ್ಳೇ ಫೋನ್ ಕೊಂಡವರು, ಅಂದರೆ ಜಾಸ್ತಿ ದುಡ್ಡಿನ ರೀಚಾರ್ಜ್ ಮಾಡುವವರು, ಮೊದಲು ಹೋದರು.

ವಿಐನವರು ರೇಟಿನಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದರು, ಅದನ್ನು ಹೇಳಲೇಬೇಕು. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಎಷ್ಟು ಬೇಕಾದರೂ ಬಳಸಿ ಅಂತ ಕೊಟ್ಟರು. ವಾರದಲ್ಲಿ ಉಳಿದ ಡೇಟಾ ಶನಿವಾರ ಭಾನುವಾರ ಬಳಸಿ ಅಂದರು. ಇದನ್ನು ನೋಡಿ ನನಗೆ ಖುಷಿಯಾಗಿತ್ತು. ರಾತ್ರಿ ಎರಡು ಗಂಟೆಗೆ ಟವರ್ ಸುಮ್ನೆ ಕೂತಿರುತ್ತದೆ. ಆಗ ನೀವು ಡೌನ್‌ಲೋಡ್ ಮಾಡಿಕೊಂಡರೆ ಕಂಪನಿಗೆ ಖರ್ಚಿಲ್ಲ, ಸಂಜೆಯ ನೂಕುನುಗ್ಗಲೂ ಒಂದಿಷ್ಟು ಇಳಿಯುತ್ತದೆ. ಬುಟ್ಟಿ ಹೆಚ್ಚಿಸಲು ಆಗದಿದ್ದಾಗ ಪಂಕ್ತಿಯನ್ನು ಎರಡು ಮಾಡುವ ಉಪಾಯ ಇದು. ಆದರೆ ಊಟದ ಹೊತ್ತಿಗೆ ಬರುವವರೇ ಜಾಸ್ತಿ, ಅಲ್ವಾ. ಅಂಗಡಿಯವನ ಕ್ಯೂಆರ್ ಡಬ್ಬಿ ರಾತ್ರಿ ಎರಡಕ್ಕೆ ಮಾತಾಡಿ ಏನು ಪ್ರಯೋಜನ?

2024ರ ಜುಲೈ ನೆನಪಿರಬೇಕು ನಿಮಗೆ. ಮೂರೂ ಖಾಸಗಿ ಕಂಪನಿಗಳು ಎರಡೇ ದಿನದಲ್ಲಿ ರೇಟು ಏರಿಸಿದವು, 10ರಿಂದ 25 ಪರ್ಸೆಂಟ್‌ವರೆಗೆ. ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆ ಒಂದೇ ತಿಂಗಳು 29 ಲಕ್ಷದಷ್ಟು ಜನ ಅಲ್ಲಿಗೆ ಸೇರಿದರು. ನನಗೆ ದಿನಕ್ಕೆ ಹತ್ತು ಫೋನ್. ‘ಅಣ್ಣಾ, ಪೋರ್ಟ್ ಆಗ್ಲಾ?’ ನಿಮ್ಮ ಮನೆ ಹತ್ತಿರದ ಟವರ್‌ಗೆ 4ಜಿ ಬಂದಿದೆಯಾ ನೋಡಿ ಅಂದರೆ, ‘ಫುಲ್ ಕಡ್ಡಿ ಇದೆ ಅಣ್ಣಾ’ ಅನ್ನುವುದೇ ಉತ್ತರ. ಆಗಿನ್ನೂ ಸ್ವದೇಶಿ 4ಜಿ ಎಷ್ಟೋ ಊರಿಗೆ ಬಂದಿರಲಿಲ್ಲ. ಕಡ್ಡಿ 3ಜಿಯದ್ದು. ಹೋದವರಲ್ಲಿ ಹಲವರು ಮೂರು ತಿಂಗಳು ಕಾದು ವಾಪಸ್ ಬಂದರು. ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕು, ಅದಕ್ಕೆ ಮೂರು ತಿಂಗಳು.

ಇನ್ನು ಕೆಲವರಿದ್ದಾರೆ, ಏನೇ ಆದರೂ ಕದಲುವುದಿಲ್ಲ. ನಮ್ಮ ದೊಡ್ಡಪ್ಪನ ನಂಬರ್ 98440ರಿಂದ ಶುರುವಾಗುತ್ತದೆ. ಸ್ಪೈಸ್ ಕಾಲದ್ದು. ಆಗ 98450 ಅಂದರೆ ಏರ್‌ಟೆಲ್, 98860 ಅಂದರೆ ಹಚ್, 9448 ಅಂದರೆ ಬಿಎಸ್‌ಎನ್‌ಎಲ್, ನಂಬರ್ ನೋಡಿಯೇ ಜಾತಕ ಹೇಳಬಹುದಿತ್ತು. ಸ್ಪೈಸ್ ಹೋಗಿ ಐಡಿಯಾ ಆಯಿತು, ಐಡಿಯಾ ಹೋಗಿ ವಿಐ ಆಯಿತು, ದೊಡ್ಡಪ್ಪ ಇನ್ನೂ ‘ಸ್ಪೈಸಿಗೆ ಕರೆನ್ಸಿ ಹಾಕಿಸೋ’ ಅನ್ನುತ್ತಾರೆ. ಅವರಿಗೆ ಪ್ರೀತಿ ಇರುವುದು ಆ ನಂಬರ್ ಮೇಲೆ. ಅಡಿಕೆ ಮಂಡಿಯವರಿಂದ ಹಿಡಿದು ಪುರೋಹಿತರವರೆಗೆ ಎಲ್ಲರ ಹತ್ತಿರ ಇರುವುದು ಅದೊಂದೇ ನಂಬರ್. 2011ರ ಜನವರಿಯಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು ಅಂತ ಎಷ್ಟು ಹೇಳಿದರೂ ಅವರು ನಂಬುವುದಿಲ್ಲ. ನಾನೂ ಒತ್ತಾಯ ಮಾಡುವುದು ಬಿಟ್ಟಿದ್ದೇನೆ, ಯಾಕೆಂದರೆ ಅವರ ತೋಟದಲ್ಲಿ ಆ ಕಂಪನಿಯ ನೆಟ್ ಚೆನ್ನಾಗಿಯೇ ಇದೆ. ಅಲ್ಲಿ ಪಂಕ್ತಿಯಲ್ಲಿ ಕೂತವರೇ ಕಡಿಮೆ.

ಇದೇ ನೋಡಿ ಜನಕ್ಕೆ ನಂಬಲು ಕಷ್ಟವಾಗುವ ಮಾತು. ಗ್ರಾಹಕರು ಬಿಟ್ಟು ಹೋದರೆ ಉಳಿದವರಿಗೆ ಸ್ಪೀಡ್ ಜಾಸ್ತಿಯಾಗುತ್ತದೆ. ಚೌಕಿಪೇಟೆಯ ಯಜಮಾನರು ಒಂದು ವರ್ಷದ ಮೇಲೆ ಫೋನ್ ಮಾಡಿ, ‘ಈಗ ಮಸ್ತ್ ಆಗೈತಿ ಸಾರ್, ಕಂಪನಿಯವರು ಏನೋ ಮಾಡ್ಯಾರ’ ಅಂದರು. ಆ ಕಡೆ ಹೋದಾಗ ನೋಡಿದೆ. ಟವರ್ ಮೇಲೆ ಹೊಸದಾಗಿ ಏನೂ ಬಂದಿರಲಿಲ್ಲ. ಆ ಸಾಲಿನ ಅಂಗಡಿಗಳವರು ಬಹಳ ಜನ ಬೇರೆ ಸಿಮ್‌ಗೆ ಹೋಗಿದ್ದರು, ಅಷ್ಟೇ. ಯಜಮಾನರಿಗೆ ಒಳ್ಳೆಯದೇ ಆಯಿತು. ಆದರೆ ಟವರ್ ಜಾಗದ ಬಾಡಿಗೆ, ಕರೆಂಟು, ಡೀಸೆಲ್ ಅಷ್ಟೇ ಇರುತ್ತದೆ, ಅದನ್ನು ಕಟ್ಟುವವರು ಕಡಿಮೆಯಾಗುತ್ತಾರೆ. ಆಗ ಎರಡನೇ ಬುಟ್ಟಿ ಇನ್ನೂ ದೂರ ಹೋಗುತ್ತದೆ. ಹಬ್ಬದ ಸೀಸನ್ ಬಂದರೆ ಅದೇ ಟವರ್ ಮತ್ತೆ ನಿಧಾನವಾಗುತ್ತದೆ.

ಹಾಗಾಗಿ ‘ಯಾವ ಸಿಮ್ ಒಳ್ಳೇದು’ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಊರಿಗೆಲ್ಲ ಒಪ್ಪುವ ಉತ್ತರ ಇಲ್ಲ. ಕಂಪನಿಗಳು ಈಗ ವೆಬ್‌ಸೈಟಿನಲ್ಲಿ ಹಾಕಿರುವ ಮ್ಯಾಪ್ ಕೂಡ ಕೂಗು ಎಲ್ಲಿವರೆಗೆ ಕೇಳಿಸುತ್ತದೆ ಅನ್ನುವುದನ್ನಷ್ಟೇ ತೋರಿಸುತ್ತದೆ. ಪೋರ್ಟ್ ಆಗುವ ಮುಂಚೆ ಆ ಕಂಪನಿಯ ಒಂದು ಸಿಮ್ ತಂದು ಒಂದು ತಿಂಗಳು ಎರಡನೇ ಸ್ಲಾಟ್‌ನಲ್ಲಿ ಹಾಕಿ. ಬೆಳಿಗ್ಗೆ ಪರೀಕ್ಷೆ ಮಾಡಬೇಡಿ, ಸಂಜೆ ಏಳರಿಂದ ಹತ್ತರ ಮಧ್ಯೆ ಮಾಡಿ. ನೀವು ಜಾಸ್ತಿ ಹೊತ್ತು ಕೂರುವ ಜಾಗದಲ್ಲೇ ಮಾಡಿ. ಫೋಟೋ ಒಂದನ್ನು ಕಳಿಸಿಯೂ ನೋಡಿ, ಬರುವುದು ಚೆನ್ನಾಗಿದ್ದು ಹೋಗುವುದು ಕೆಟ್ಟಿರಬಹುದು.

ಇರುವ ಕಂಪನಿಗೇ ದೂರು ಕೊಡುವುದಾದರೆ ‘ಟವರ್ ಸಿಗ್ತಿಲ್ಲ’ ಅಂತ ಹೇಳಬೇಡಿ. ಅವರು ಸ್ಕ್ರೀನ್ ನೋಡುತ್ತಾರೆ, ಸಿಗ್ನಲ್ ಇರುತ್ತದೆ, ದೂರು ಮುಚ್ಚುತ್ತಾರೆ. ‘ಸಿಗ್ನಲ್ ಫುಲ್ ಇದೆ, ಸಂಜೆ ಏಳರಿಂದ ಹತ್ತರವರೆಗೆ ಸ್ಪೀಡ್ ಇಲ್ಲ’ ಅಂತ ಹೇಳಿ. ಬೀದಿ, ಪಿನ್‌ಕೋಡ್, ಮೂರು ದಿನದ ಸ್ಪೀಡ್ ಟೆಸ್ಟ್ ಫೋಟೋ ಕೊಡಿ. ಪಕ್ಕದ ನಾಲ್ಕು ಅಂಗಡಿಯವರಿಂದಲೂ ಕೊಡಿಸಿ. ಕೆಲಸ ಆಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ನಮ್ಮಂಥವರ ಟೇಬಲ್‌ಗೆ ಬರುವುದು ಇಂಥ ದೂರು ಮಾತ್ರ.