ದಪ್ಪ ಟೈರ್ ಹಾಕಿದರೆ ಸೈಕಲ್‌ನ ವೇಗ ಕುಗ್ಗುತ್ತದೆಯೇ?

ಪ್ರಶ್ನೆ: ನನ್ನ ರೋಡ್ ಸೈಕಲ್‌ನಲ್ಲಿ 23 ಮಿ.ಮೀ. ಟೈರ್‌ಗಳಿವೆ. ಬೆಂಗಳೂರಿನಿಂದ ಹೊರಡುವ 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ಸಿದ್ಧನಾಗುತ್ತಿದ್ದೇನೆ. ಕೆಲವು ಗೆಳೆಯರು 32 ಮಿ.ಮೀ. ಟೈರ್ ಹಾಕಿಸು ಎನ್ನುತ್ತಾರೆ. ಉಳಿದವರು, ಹಾಗೆ ಮಾಡಿದರೆ ವೇಗ ಹೋದಂತೆಯೇ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ತೆಳುವಾದ, ಮೃದುವಾದ ನೂಲಿನ ಪದರವಿರುವ 32 ಮಿ.ಮೀ. ಟೈರನ್ನು ತಕ್ಕಷ್ಟು ಗಾಳಿ ತುಂಬಿ ಓಡಿಸಿದರೆ, ನಮ್ಮ ರಸ್ತೆಗಳಲ್ಲಿ ನಿಮ್ಮ ವೇಗ ಕುಗ್ಗುವುದಿಲ್ಲ. ಆದರೂ ಎರಡನೆಯ ಗುಂಪಿನ ಗೆಳೆಯರ ನಂಬಿಕೆ ಆಧಾರವಿಲ್ಲದ್ದಲ್ಲ.

ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಬಾಗಿ ಮತ್ತೆ ನೇರವಾಗುತ್ತದೆ. ಬಾಗಿಸಲು ವ್ಯಯವಾದ ಶಕ್ತಿಯಲ್ಲಿ ಒಂದಂಶ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟವನ್ನು ಬಹುಕಾಲ ಅಳೆಯುತ್ತಿದ್ದುದು ನುಣುಪಾದ ಉಕ್ಕಿನ ಡ್ರಮ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಹೆಚ್ಚಿದಷ್ಟೂ ಟೈರ್ ಕಡಿಮೆ ಬಾಗುತ್ತದೆ, ನಷ್ಟವೂ ತಗ್ಗುತ್ತದೆ. ಹೆಚ್ಚಿನ ಒತ್ತಡವನ್ನು ತಾಳಲು ಸಣ್ಣ ಟೈರೇ ಅನುಕೂಲವಾದ್ದರಿಂದ, 23 ಮಿ.ಮೀ. ಟೈರ್‌ಗೆ 120 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬುವುದು ಒಂದು ಕಾಲದಲ್ಲಿ ಪ್ರಶ್ನಾತೀತ ಪದ್ಧತಿಯಾಗಿತ್ತು.

ಡ್ರಮ್ ಮೇಲಿನ ಪರೀಕ್ಷೆಯಲ್ಲಿ ಸವಾರನಿರುವುದಿಲ್ಲ. ವಿವಾದದ ಬೇರು ಇಲ್ಲಿದೆ. ರಸ್ತೆಯ ಒರಟುತನದಿಂದ ಸೈಕಲ್ ಪ್ರತಿ ಕ್ಷಣವೂ ಕುಲುಕುತ್ತದೆ, ಆ ಕುಲುಕಾಟವನ್ನು ಸವಾರನ ಮಾಂಸಖಂಡಗಳು ಹೀರಿಕೊಳ್ಳುತ್ತವೆ, ಹಾಗೆ ಹೀರಿಕೊಂಡದ್ದೆಲ್ಲ ಅವನು ಪೆಡಲ್ ತುಳಿದು ಕೊಟ್ಟ ಶಕ್ತಿಯಿಂದಲೇ ಕಳೆದುಹೋಗುತ್ತದೆ. ಅಮೆರಿಕದ ಸಿಯಾಟಲ್‌ನ ಯಾನ್ ಹೈನೆ ತಮ್ಮ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಗಾಗಿ ಸವಾರನನ್ನು ಕೂರಿಸಿಯೇ ರಸ್ತೆಯ ಮೇಲೆ, ಹೆದ್ದಾರಿಯಂಚಿನಲ್ಲಿ ವಾಹನವನ್ನು ಕುಲುಕಿಸಿ ಎಚ್ಚರಿಸುವ ಒರಟು ಪಟ್ಟಿಗಳ ಮೇಲೆ ಸಹ, ಈ ನಷ್ಟವನ್ನು ಅಳೆದರು. ದಪ್ಪ ಟೈರ್‌ಗಳನ್ನು ಅವರೇ ಮಾರುತ್ತಾರೆ, ಬಯಲಿನ ಪರೀಕ್ಷೆಯಲ್ಲಿ ಗಾಳಿ ಮತ್ತು ಬಿಸಿಲಿನ ವ್ಯತ್ಯಾಸಗಳೂ ಸೇರಿಬಿಡುತ್ತವೆ ಎಂಬ ಆಕ್ಷೇಪಗಳು ನ್ಯಾಯವಾದವೇ. ಆದರೆ ಒಂದೊಂದು ವಾಟ್ ಶಕ್ತಿಗೂ ಲೆಕ್ಕವಿಡುವ ವೃತ್ತಿಪರ ತಂಡಗಳೇ 23ರಿಂದ 25ಕ್ಕೆ, ಅಲ್ಲಿಂದ 28ಕ್ಕೂ ಅದರಾಚೆಗೂ ಸರಿದಿರುವುದರಿಂದ, ಒಟ್ಟು ದಿಕ್ಕಿನ ಬಗ್ಗೆ ನನಗೆ ಸಂಶಯ ಉಳಿದಿಲ್ಲ. ಫ್ರಾನ್ಸಿನ ಸೇಂಟ್-ಎಟಿಯೆನ್‌ನಲ್ಲಿದ್ದ, 'ವೆಲೊಸಿಯೊ' ಎಂದು ಹೆಸರಾಗಿ 1930ರಲ್ಲಿ ತೀರಿಕೊಂಡ ಸೈಕಲ್ ಬರಹಗಾರ ಪಾಲ್ ದ ವಿವಿ ಕೂಡ ಆ ಕಾಲದಲ್ಲೇ ದಪ್ಪ ಟೈರ್‌ನ ಪರವಾಗಿ ವಾದಿಸಿದ್ದರು.

ಹಾಗಾದರೆ ದಪ್ಪ ಟೈರ್ ನಿಧಾನವೆಂದು ಅನುಭವದಿಂದಲೇ ಹೇಳುವವರ ಮಾತೇನು? ಅವರಲ್ಲಿ ಹೆಚ್ಚಿನವರು ಓಡಿಸಿರುವುದು ಪಂಕ್ಚರ್ ತಡೆಯುವ ಪಟ್ಟಿಯಿರುವ ಗಡುಸು ಟೈರ್‌ಗಳನ್ನು. ಅವು ನಿಜವಾಗಿಯೂ ನಿಧಾನ, ಆದರೆ ಅದಕ್ಕೆ ಕಾರಣ ಗಡುಸುತನ, ಅಗಲವಲ್ಲ. ಇನ್ನೊಂದು, ಗಟ್ಟಿಯಾಗಿ ಗಾಳಿ ತುಂಬಿದ ಸಣ್ಣ ಟೈರ್ ಕೈಗೆ ಝುಮ್ಮೆನ್ನುವಂತೆ ಕಂಪಿಸುತ್ತದೆ. ಆ ಕಂಪನವನ್ನೇ ಮನಸ್ಸು ವೇಗವೆಂದು ಭಾವಿಸುತ್ತದೆ. ತೂಕದ ಆಕ್ಷೇಪವನ್ನು ಲೆಕ್ಕಹಾಕಿ ನೋಡಬಹುದು: ಎರಡೂ ಟೈರ್‌ಗಳಿಂದ 400 ಗ್ರಾಂ ಹೆಚ್ಚಾಯಿತೆನ್ನಿ, ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಇದ್ದರೆ, 30 ನಿಮಿಷದ ಏರಿನಲ್ಲಿ ತಗಲುವ ಹೆಚ್ಚಿನ ಸಮಯ 10 ಸೆಕೆಂಡನ್ನೂ ಮುಟ್ಟುವುದಿಲ್ಲ. ಗಂಟೆಗೆ 40 ಕಿ.ಮೀ. ದಾಟಿ ಓಡಿಸುವವರಿಗೆ ದಪ್ಪ ಟೈರ್‌ನಿಂದ ಹೆಚ್ಚುವ ಗಾಳಿಯ ತಡೆ ಮುಖ್ಯವಾಗುತ್ತದೆ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಅವಕಾಶವಿರುವ ಬ್ರೆವೆಯಲ್ಲಿ ಆ ಚಿಂತೆ ಬೇಡ.

ಟೈರ್‌ನ ಈ ವಾದ ಕೊನೆಗೆ ಫ್ರೇಮ್‌ಗೆ ಬಂದು ನಿಲ್ಲುತ್ತದೆ. ರಿಮ್ ಹಿಡಿಯುವ ಚಿಕ್ಕ ಬ್ರೇಕ್‌ಗಳಿರುವ ರೇಸಿಂಗ್ ಸೈಕಲ್‌ಗಳಲ್ಲಿ 25 ಅಥವಾ 28 ಮಿ.ಮೀ.ಗಿಂತ ದಪ್ಪ ಟೈರ್‌ಗೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಡಿಸ್ಕ್ ಬ್ರೇಕ್ ಬಂದ ಮೇಲೆ ಈ ಅಡ್ಡಿ ಬಹುಮಟ್ಟಿಗೆ ನೀಗಿತು. ಕೆಲವರು ಡಿಸ್ಕ್ ಬ್ರೇಕ್‌ನ ಫ್ರೇಮ್‌ನಲ್ಲಿ ಚಕ್ರವನ್ನೇ ಬದಲಿಸುತ್ತಾರೆ. ರೋಡ್ ಸೈಕಲ್‌ಗಳಲ್ಲಿ ಸಾಮಾನ್ಯವಾದ 700ಸಿ ಅಳತೆಯ ರಿಮ್‌ನ ವ್ಯಾಸ 622 ಮಿ.ಮೀ., ಅದಕ್ಕಿಂತ ಚಿಕ್ಕದಾದ 650ಬಿ ಅಳತೆಯ ರಿಮ್‌ನದು 584; ಮೊದಲನೆಯದಕ್ಕೆ 23ರ ಟೈರ್, ಎರಡನೆಯದಕ್ಕೆ 42ರ ಟೈರ್ ಹಾಕಿದರೆ ಎರಡರ ಒಟ್ಟು ವ್ಯಾಸವೂ 668 ಮಿ.ಮೀ. ಆಗುತ್ತದೆ. ಪೆಡಲ್ ನೆಲದಿಂದ ಇರುವ ಎತ್ತರ ಬದಲಾಗದೆ ಟೈರ್ ಮಾತ್ರ ದಪ್ಪವಾಗುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯದು.

ಫ್ರೇಮ್ ಎಷ್ಟು ಗಟ್ಟಿಯಿರಬೇಕೆಂಬ ಜಗಳ ಇನ್ನೂ ತೀರಿಲ್ಲ. ತುಳಿದಾಗ ಬಾಗುವ ಫ್ರೇಮ್ ಶಕ್ತಿಯನ್ನು ನುಂಗುತ್ತದೆಂದು ಒಂದು ಪಕ್ಷ. ಉಕ್ಕು ಸ್ಪ್ರಿಂಗ್‌ನಂತೆ ಆ ಶಕ್ತಿಯನ್ನು ಹಿಂದಿರುಗಿಸುತ್ತದೆ, ಹದವಾಗಿ ಬಾಗುವ ಫ್ರೇಮ್ ತುಳಿತದ ಲಯಕ್ಕೆ ಕೂಡಿಕೊಂಡು ಸವಾರನಿಗೆ ನೆರವಾಗುತ್ತದೆಂದು ಹೈನೆಯವರ ಪಕ್ಷ. ಹಿಂದಿರುಗುವುದು ನಿಜ, ಅದು ಚಕ್ರಕ್ಕೆ ಸೇರುತ್ತದೆಯೋ ಕಾಲಿಗೋ ಎಂಬುದೇ ಚರ್ಚೆಯ ವಿಷಯ. ಐರ್ಲೆಂಡಿನ ವೃತ್ತಿಪರ ಸೈಕಲ್ ಸ್ಪರ್ಧಿ ಷಾನ್ ಕೆಲ್ಲಿ 1980ರ ದಶಕದಲ್ಲಿ ಬಾಗುವುದಕ್ಕೆ ಹೆಸರಾದ ವಿಟಸ್ ಕಂಪನಿಯ ಅಲ್ಯೂಮಿನಿಯಂ ಫ್ರೇಮ್ ಮೇಲೆ ದೊಡ್ಡ ಸ್ಪರ್ಧೆಗಳನ್ನು ಗೆದ್ದದ್ದನ್ನು ನೋಡಿದರೆ, ಬಾಗುವಿಕೆಯೊಂದೇ ಸೋಲಿಗೆ ಕಾರಣವಾಗದೆಂದಷ್ಟೇ ಧೈರ್ಯವಾಗಿ ಹೇಳಬಲ್ಲೆ.

ನೀವು ಮೊದಲು ಬ್ರೇಕ್, ಫೋರ್ಕ್ ಮತ್ತು ಹಿಂಚಕ್ರದ ಬದಿಯ ಕೊಳವೆಗಳ ನಡುವಿನ ಜಾಗವನ್ನು ಅಳೆಯಿರಿ. ಹೊಸ ಟೈರ್‌ನ ಸುತ್ತ ಎಲ್ಲ ಕಡೆಯೂ ಕನಿಷ್ಠ 4 ಮಿ.ಮೀ. ಬಿಡುವಿರಬೇಕು. 32 ಹಿಡಿಸದಿದ್ದರೆ, ಫ್ರೇಮ್ ಬಿಟ್ಟಷ್ಟು ದಪ್ಪದ ಮೃದುವಾದ ಟೈರ್ ಹಾಕಿಸಿ. 28 ಹಿಡಿಸಿದರೆ, 70 ಕಿಲೋ ತೂಕದ ಸವಾರರು ಸುಮಾರು 70 ಪಿ.ಎಸ್.ಐ.ಯಿಂದ ಆರಂಭಿಸಿ, ಮುಂದಿನ ಚಕ್ರಕ್ಕೆ ಸ್ವಲ್ಪ ಕಡಿಮೆ ಇಟ್ಟು, ತಮಗೆ ಹಿತವೆನಿಸುವವರೆಗೆ ಐದೈದಾಗಿ ಇಳಿಸಿ ನೋಡಬಹುದು.