ಕೊಂಡ ಗೇಮ್ ಆಡೋಕೇ ಟೈಮಿಲ್ಲ, ಅಷ್ಟರಲ್ಲಿ ಈ ವರ್ಷದ ಪಟ್ಟಿ ಬಂತು. ಏನು ಮಾಡಲಿ?

ಓದುಗರ ಪ್ರಶ್ನೆ: ಡಿಸೆಂಬರ್ ಬಂತೆಂದರೆ ಎಲ್ಲ ಕಡೆ ‘ವರ್ಷದ ಮೆಚ್ಚಿನ ಗೇಮ್‌ಗಳು’ ಅಂತ ಪಟ್ಟಿ ಬರುತ್ತವೆ. ಅದರಲ್ಲಿ ನಾನು ಆಡಿರುವುದು ಒಂದೋ ಎರಡೋ. ಸೇಲ್‌ನಲ್ಲಿ ತಗೊಂಡ ಐವತ್ತು ಗೇಮ್ ಹಾಗೇ ಬಿದ್ದಿವೆ. ಕೆಲಸ, ಮನೆ, ಮಗು ಎಲ್ಲದರ ಮಧ್ಯೆ ಜನ ಇಷ್ಟೊಂದು ಗೇಮ್ ಹೇಗೆ ಆಡ್ತಾರೆ ಸಾರ್? ಯಾವುದನ್ನು ಆಡಲಿ, ಯಾವುದನ್ನು ಬಿಡಲಿ?

ಹೇಗೆ ಆಡ್ತಾರೆ ಅನ್ನೋದಕ್ಕೆ ಉತ್ತರ ಸುಲಭ. ಆಡೋದಿಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಪಿಸಿ ಗೇಮ್‌ಗಳ ದೊಡ್ಡ ಅಂಗಡಿಯಾದ ಸ್ಟೀಮ್ ಪ್ರತಿ ವರ್ಷದ ಕೊನೆಗೆ ತನ್ನಲ್ಲಿ ಆಡುವವರ ಲೆಕ್ಕ ಹೊರಗೆ ಹಾಕುತ್ತದೆ. ಆಡುವವರನ್ನೆಲ್ಲ ಕಡಿಮೆ ಗೇಮ್ ಆಡಿದವರಿಂದ ಜಾಸ್ತಿ ಆಡಿದವರವರೆಗೆ ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. 2024ರಲ್ಲಿ ಆ ಸಾಲಿನ ನಟ್ಟನಡುವೆ ನಿಂತವರು ವರ್ಷವಿಡೀ ಆಡಿದ್ದು 4 ಗೇಮ್. ನಾಲ್ಕೇ ನಾಲ್ಕು. ಇನ್ನೊಂದು ಲೆಕ್ಕ ಇದಕ್ಕಿಂತ ಮಜವಾಗಿದೆ. ಆ ವರ್ಷ ಸ್ಟೀಮ್‌ನಲ್ಲಿ ಜನ ಆಡುತ್ತ ಕಳೆದ ಒಟ್ಟು ಸಮಯದಲ್ಲಿ ಅದೇ ವರ್ಷ ಬಂದ ಗೇಮ್‌ಗಳ ಪಾಲು ಶೇಕಡ 15 ಮಾತ್ರ. ಅದರ ಹಿಂದಿನ ವರ್ಷ ಶೇಕಡ 9. ಮಿಕ್ಕ ಹೊತ್ತೆಲ್ಲ ಹಳೇ ಗೇಮ್‌ಗಳದ್ದೇ. ಅಂದರೆ ಪಟ್ಟಿ ನೋಡಿ ‘ನಾನೊಬ್ಬನೇ ಹಿಂದೆ ಬಿದ್ದೆ’ ಅಂತ ಕೊರಗುವವರೇ ನಮ್ಮಲ್ಲಿ ಜಾಸ್ತಿ!

ಪಟ್ಟಿ ಮಾಡುವವರೂ ಎಲ್ಲವನ್ನೂ ಆಡಿರೋದಿಲ್ಲ. ಒಂದು ಪತ್ರಿಕೆಯ ಪಟ್ಟಿ ಅಂದರೆ ಅದು ಹತ್ತಾರು ಜನರ ಕೂಡು ಕೆಲಸ. ಒಬ್ಬರು ಫೈಟಿಂಗ್ ಗೇಮ್ ಆಡಿರುತ್ತಾರೆ, ಇನ್ನೊಬ್ಬರು ಹಾರರ್ ಆಡಿರುತ್ತಾರೆ, ಅದೂ ಸಂಬಳ ತಗೊಂಡು. ಹತ್ತು ಮನೆಯ ಅಡುಗೆಯನ್ನು ಒಂದೇ ಎಲೆಗೆ ಬಡಿಸಿ ‘ಇಷ್ಟನ್ನೂ ಒಬ್ಬರೇ ಉಣ್ಣಿ’ ಅಂದ ಹಾಗೆ ನಮಗೆ ಕಾಣುತ್ತದೆ, ಅಷ್ಟೇ.

ಒಂದು ವರ್ಷವನ್ನು ಹಿಡಿದು ಲೆಕ್ಕ ಹಾಕಿ ನೋಡೋಣ. 2023 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಒಳ್ಳೇ ಗೇಮ್‌ಗಳು ಅಷ್ಟು ಒತ್ತೊತ್ತಾಗಿ ಬಂದ ವರ್ಷವನ್ನು ನಾನಂತೂ ನೋಡಿರಲಿಲ್ಲ. ಆ ಸಲದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಗೆ ಕಣದಲ್ಲಿದ್ದವು ಆರು: ಬಾಲ್ಡರ್ಸ್ ಗೇಟ್ 3, ಜೆಲ್ಡಾದ ಟಿಯರ್ಸ್ ಆಫ್ ದಿ ಕಿಂಗ್‌ಡಮ್, ರೆಸಿಡೆಂಟ್ ಈವಿಲ್ 4ರ ಹೊಸ ರೂಪ, ಸ್ಪೈಡರ್‌ಮ್ಯಾನ್ 2, ಅಲನ್ ವೇಕ್ 2, ಸೂಪರ್ ಮಾರಿಯೋ ಬ್ರದರ್ಸ್ ವಂಡರ್. ಗೆದ್ದಿದ್ದು ಬಾಲ್ಡರ್ಸ್ ಗೇಟ್.

ಬಾಲ್ಡರ್ಸ್ ಗೇಟ್ ಅನ್ನು ಆತುರವಿಲ್ಲದೆ ಆಡಿದರೆ 100 ಗಂಟೆ. ಜೆಲ್ಡಾದ ಮುಖ್ಯ ಕಥೆಯೊಂದೇ ಹತ್ತಿರ ಹತ್ತಿರ 60. ರೆಸಿಡೆಂಟ್ ಈವಿಲ್, ಸ್ಪೈಡರ್‌ಮ್ಯಾನ್, ಅಲನ್ ವೇಕ್ ಒಂದೊಂದೂ 16ರಿಂದ 18. ಮಾರಿಯೋಗೆ 10. ಎಲ್ಲ ಕೂಡಿದರೆ ಸುಮಾರು 220 ಗಂಟೆ. ಮಗು ಮಲಗಿದ ಮೇಲೆ ವಾರಕ್ಕೆ ಐದು ಗಂಟೆ ಸಿಗುತ್ತದೆ ಅಂದುಕೊಳ್ಳಿ, ಅದೂ ಅದೃಷ್ಟವಿದ್ದರೆ. 220 ಗಂಟೆ ಅಂದರೆ 44 ವಾರ. ಬರೀ ಆರು ಗೇಮ್‌ಗೆ ವರ್ಷ ಮುಗಿದೇ ಹೋಯಿತು. ಸ್ಟಾರ್‌ಫೀಲ್ಡ್, ಡಯಾಬ್ಲೋ 4, ಸ್ಟ್ರೀಟ್ ಫೈಟರ್ 6, ಹಾಗ್ವರ್ಟ್ಸ್ ಲೆಗಸಿ, ಆರ್ಮರ್ಡ್ ಕೋರ್ 6, ಇವೆಲ್ಲ ಇನ್ನೂ ಬಾಗಿಲ ಹೊರಗೇ ನಿಂತಿವೆ. ಸ್ಪೈಡರ್‌ಮ್ಯಾನ್ ಮತ್ತು ಮಾರಿಯೋ ಬಂದಿದ್ದು ಒಂದೇ ದಿನ, ಅಕ್ಟೋಬರ್ 20. ಸರಿಯಾಗಿ ಒಂದು ವಾರಕ್ಕೆ ಅಲನ್ ವೇಕ್. ಮನುಷ್ಯರು ಆಡೋದು ಹೇಗೆ?

ಅಷ್ಟೊಂದು ಯಾಕೆ ಒಟ್ಟಿಗೆ ಬಂದವು ಅಂದರೆ, ಕೋವಿಡ್ ಕಾಲದಲ್ಲಿ ತಡವಾದ ಕೆಲಸಗಳೆಲ್ಲ ಬಂದು ಅಲ್ಲಿ ನಿಂತವು. ಜೆಲ್ಡಾ 2022ರಲ್ಲಿ ಬರಬೇಕಿತ್ತು. ಸ್ಟಾರ್‌ಫೀಲ್ಡ್‌ಗೆ 2022ರ ನವೆಂಬರ್ 11 ಅಂತ ದಿನವೂ ಗೊತ್ತಾಗಿತ್ತು, ಕೊನೆಗೆ ಬಂದಿದ್ದು 2023ರ ಸೆಪ್ಟೆಂಬರ್ 6ಕ್ಕೆ. ಆ ನೂಕುನುಗ್ಗಲು ನೋಡಿ ಬಾಲ್ಡರ್ಸ್ ಗೇಟ್‌ನವರು ಪಿಸಿ ಬಿಡುಗಡೆಯನ್ನು ಆಗಸ್ಟ್ 31ರಿಂದ ಆಗಸ್ಟ್ 3ಕ್ಕೆ ಹಿಂದೆ ತಂದರು. ಗೇಮ್ ಮುಂದಕ್ಕೆ ಹೋಗೋದನ್ನು ನೋಡಿ ನೋಡಿ ಸಾಕಾದ ನಮಗೆ ಇದೊಂದು ಅಪರೂಪದ ಸುದ್ದಿ.

ಆದರೆ ನೂಕುನುಗ್ಗಲು ಆ ಒಂದು ವರ್ಷಕ್ಕೆ ಮುಗಿಯಲಿಲ್ಲ. ಗೇಮ್ ಮಾಡುವ ಸಾಮಾನುಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಗೊಡೋ ಪೂರ್ತಿ ಉಚಿತ, ಯೂನಿಟಿ ಮತ್ತು ಅನ್‌ರಿಯಲ್‌ನಲ್ಲೂ ಕಾಸಿಲ್ಲದೆ ಕೆಲಸ ಶುರು ಮಾಡಬಹುದು. 2017ರಿಂದ ಸ್ಟೀಮ್‌ನಲ್ಲಿ ಗೇಮ್ ಮಾರಾಟಕ್ಕಿಡಲು 100 ಡಾಲರ್ ಕಟ್ಟಿದರೆ ಸಾಕು. 2023ರಲ್ಲಿ ಅಲ್ಲಿ ಬಂದ ಗೇಮ್‌ಗಳು 14 ಸಾವಿರಕ್ಕೂ ಹೆಚ್ಚು. ದಿನಕ್ಕೆ 38ರ ಮೇಲಾಯಿತು. ಮುಂದಿನ ವರ್ಷ ಇನ್ನೂ ಜಾಸ್ತಿ. ಎಲ್ಲವನ್ನೂ ನೋಡುತ್ತೇನೆ ಅನ್ನೋದು ಮಳೆ ಹನಿ ಎಣಿಸಿದ ಹಾಗೆ.

ಸರಿ, ಆ ಐವತ್ತರ ವಿಷಯಕ್ಕೆ ಬರೋಣ. ನಿಮ್ಮದು ಐವತ್ತು, ನನ್ನದು ಎಷ್ಟು ಅಂತ ಕೇಳಬೇಡಿ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ರಿಯಾಯಿತಿ ಅಂತ ಚೀಲ ತುಂಬಿಸಿಕೊಂಡು ಬರುತ್ತೇವಲ್ಲ, ಅದೇ ಕಥೆ. ಕೊಳ್ಳುವಾಗ ಪುಸ್ತಕದ ಜೊತೆ ಓದುವ ಸಮಯವನ್ನೂ ಕೊಂಡ ಹಾಗೆ ಅನ್ನಿಸುತ್ತದೆ. ಮೂರು ವರ್ಷದ ಹಿಂದೆ ಒಂದು ಸೇಲ್‌ನಲ್ಲಿ ದೊಡ್ಡ ಗೇಮ್ ಒಂದನ್ನು ಮುಕ್ಕಾಲು ಪಾಲು ಕಡಿಮೆ ಬೆಲೆಗೆ ತಗೊಂಡೆ. ಹೆಂಡತಿಗೆ ಎಷ್ಟು ಉಳಿಸಿದೆ ಅಂತ ಲೆಕ್ಕವನ್ನೂ ಒಪ್ಪಿಸಿದೆ. ಹೋದ ತಿಂಗಳು ನೋಡಿದರೆ ಆಡಿದ್ದು 11 ನಿಮಿಷ. ಅದೂ ಹೀರೋನ ಮೂಗು ತಿದ್ದಿದ್ದು. ‘ಆ ದುಡ್ಡಿಗೆ ಮೂಗು ಚೆನ್ನಾಗಿ ಬಂತಾ?’ ಅಂದಳು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಇವತ್ತು ರಾತ್ರಿಯೇ ಆಡುತ್ತೇನೆ ಅಂದರೆ ಮಾತ್ರ ಕೊಳ್ಳೋದು. ಇಲ್ಲವಾದರೆ ವಿಶ್‌ಲಿಸ್ಟ್‌ಗೆ ಹಾಕಿ ಮರೆಯೋದು. ಸೇಲ್ ಮತ್ತೆ ಬಂದೇ ಬರುತ್ತದೆ. ಇನ್ನೊಂದು ಲಾಭವೂ ಇದೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೊಂಡ ರಾತ್ರಿಯೇ ಆಡಿದರೆ ಹಿಡಿಸಿತೋ ಇಲ್ಲವೋ ಅವತ್ತೇ ಗೊತ್ತಾಗುತ್ತದೆ. ಮೂರು ವರ್ಷ ಬಿಟ್ಟು ಮೂಗು ತಿದ್ದಿದವನಿಗೆ ಆ ಅನುಕೂಲ ಇಲ್ಲ.

ಕಾಯ್ದರೆ ಗೇಮ್ ಹಳಸುವುದಿಲ್ಲ. ಕೆಲವು ಕಾಯ್ದಷ್ಟೂ ರುಚಿಯಾಗುತ್ತವೆ. ಸೈಬರ್‌ಪಂಕ್ 2077 ಬಂದಿದ್ದು 2020ರ ಡಿಸೆಂಬರ್ 10ಕ್ಕೆ. ಆಗ ಅದರಲ್ಲಿ ಎಷ್ಟು ದೋಷ ಇತ್ತೆಂದರೆ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದೇ ಹಾಕಿತು, ವಾಪಸ್ ಇಟ್ಟಿದ್ದು ಮುಂದಿನ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಶುರು ಮಾಡಿದವರು ಬೇರೆಯದೇ ಗೇಮ್ ಆಡಿದರು, ಅದೂ ಕಡಿಮೆ ದುಡ್ಡಿಗೆ. ಮೊದಲ ದಿನವೇ ಓಡಿ ಹೋಗಿ ತಗೊಂಡವರಿಗೆ ಸಿಕ್ಕಿದ್ದು ಮೀಮ್‌ಗಳು. ಕಾಯಬಾರದ್ದೂ ಉಂಟು. ಆನ್‌ಲೈನ್‌ನಲ್ಲಿ ಜನರ ಜೊತೆಗೇ ಆಡಬೇಕಾದ ಗೇಮ್ ಆದರೆ ಜನ ಇರುವಾಗಲೇ ಆಡಿಬಿಡಿ. 2014ರಲ್ಲಿ ಬಂದ ದಿ ಕ್ರೂ ಅನ್ನೋ ಕಾರ್ ಗೇಮ್‌ನ ಸರ್ವರ್‌ಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಮುಚ್ಚಿತು. ಮುಚ್ಚಿದ ಮೇಲೆ ದುಡ್ಡು ಕೊಟ್ಟವರೂ ಆಡುವಂತಿರಲಿಲ್ಲ.

ಇನ್ನು ಯಾವುದನ್ನು ಆಡಲಿ ಅಂದಿರಿ. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ದೊಡ್ಡದು ಒಂದು, ಅದರ ಪಕ್ಕ ಸಣ್ಣವು. ದೊಡ್ಡವು ಎರಡನ್ನು ಒಟ್ಟಿಗೆ ಹಿಡಿಯಬೇಡಿ. ಎರಡು ವಾರ ಬಿಟ್ಟು ಬಂದಾಗ ಯಾವ ಬಟನ್ ಒತ್ತಿದರೆ ಗುಂಡು ಹಾರುತ್ತದೆ, ಯಾವುದು ಒತ್ತಿದರೆ ಕುದುರೆ ಬರುತ್ತದೆ ಅನ್ನೋದೇ ಮರೆತು ಹೋಗುತ್ತದೆ.

ಸಣ್ಣವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಪಟ್ಟಿಗಳಲ್ಲಿ ಇವು ಕೆಳಗಿರುತ್ತವೆ. ಅದೇ 2023ರಲ್ಲಿ ಬಂದ ಕಕೂನ್ ಐದಾರು ಗಂಟೆಗೆ ಮುಗಿಯುತ್ತದೆ. ಒಂದು ಮಾತೂ ಇಲ್ಲ, ಬರೀ ಒಗಟು. ಹೈ-ಫೈ ರಶ್ ಹತ್ತು ಹನ್ನೆರಡು ಗಂಟೆ, ಹೊಡೆದಾಟವೆಲ್ಲ ಹಾಡಿನ ತಾಳಕ್ಕೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವೆಣ್ಬಾ. ಎರಡು ಗಂಟೆಯೂ ಬೇಡ. 1980ರ ದಶಕದ ಕೊನೆಗೆ ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರ ಮಗ, ಅಡುಗೆಮನೆ, ಇಷ್ಟೇ. ಆ ಹೆಂಗಸಿಗೆ ಅವಳ ಅಮ್ಮ ಬರೆದುಕೊಟ್ಟ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿ ಹೋಗಿದೆ. ಬಿಟ್ಟು ಹೋದದ್ದನ್ನು ನಾವು ಊಹಿಸಬೇಕು.

ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅನ್ನೋದು ಒಗಟು. ನಾನು ಒಂದರ ಮೇಲೊಂದು ಗುಳಿಗೆ ಗುಳಿ ಸರಿಯಾಗಿ ಬರುವಂತೆ ಇಟ್ಟೆ. ಹೆಸರುಬೇಳೆ ಆರಿಸುತ್ತ ಕೂತಿದ್ದ ನಮ್ಮಮ್ಮ ಕನ್ನಡಕದ ಮೇಲಿಂದ ನೋಡಿ, ‘ಅಯ್ಯೋ, ಹಾಗಿಟ್ರೆ ಹಬೆ ಎಲ್ಲಿಂದ ಬರಬೇಕೋ? ಕೆಳಗಿನ ಇಡ್ಲಿ ಮೇಲೆ ಮೇಲಿನ ತಟ್ಟೆ ತೂತು ಬರ್ಬೇಕು’ ಅಂದರು. ತಿರುಗಿಸಿಟ್ಟೆ. ಬೆಂದಿತು. ಗೇಮ್ ಅಂದರೆ ಗುಂಡು ಹೊಡೆಯೋದು ಅಂತಲೇ ತಿಳಿದಿದ್ದ ಅಮ್ಮ ಆಮೇಲೆ ಬೇಳೆ ತಟ್ಟೆ ಪಕ್ಕಕ್ಕಿಟ್ಟು ಕೊನೆಯವರೆಗೂ ಕೂತಿದ್ದರು. ಆ ಹುಡುಗ ಸ್ಕೂಲಿಗೆ ಹೋಗುತ್ತ ಮನೆಮಾತು ಬಿಡುತ್ತಾನಲ್ಲ, ಅಲ್ಲಿ ಇಬ್ಬರೂ ಮಾತಾಡಲಿಲ್ಲ. ನನ್ನ ತಮ್ಮನ ಮಕ್ಕಳು ಟೆಕ್ಸಾಸ್‌ನಲ್ಲಿದ್ದಾರೆ.

ಶುರು ಮಾಡಿದ್ದನ್ನೆಲ್ಲ ಮುಗಿಸಬೇಕು ಅನ್ನೋ ಹಟವನ್ನೂ ಬಿಡಿ. ಹಿಡಿಸಲಿಲ್ಲವಾದರೆ ಅಳಿಸಿ. ಬಾಲ್ಡರ್ಸ್ ಗೇಟ್‌ಗೆ 150 ಜಿಬಿ ಜಾಗ ಬೇಕು, ಅದಾದರೂ ಖಾಲಿಯಾಗುತ್ತದೆ. ಹಿಡಿಸಿದ್ದನ್ನೂ ಮುಗಿಸಲೇಬೇಕಾಗಿಲ್ಲ. ಅಣ್ಣನ ಮಗ ದುಬೈನಿಂದ ತಂದುಕೊಟ್ಟ ಸ್ವಿಚ್ ಅನ್ನೋ ಗೇಮ್ ಯಂತ್ರದಲ್ಲಿ ನಾನು ಇವತ್ತಿಗೂ ಜೆಲ್ಡಾ ಆಡುತ್ತಿದ್ದೇನೆ. ಕಾಣೆಯಾದ ರಾಜಕುಮಾರಿಯನ್ನು ಹುಡುಕೋದು ಅದರ ಕಥೆ. ಅದರಲ್ಲಿ ಕೊರೋಕ್ ಅಂತ ಎಲೆ ಮುಖದ ಪುಟ್ಟ ಜೀವಿಗಳಿವೆ. ಅವುಗಳಲ್ಲಿ ಒಂದು ಬೆನ್ನ ಮೇಲೆ ತನಗಿಂತ ದೊಡ್ಡ ಮೂಟೆ ಹೊತ್ತು, ಸುಸ್ತಾಗಿ ದಾರಿಯಲ್ಲಿ ಕೂತಿರುತ್ತದೆ. ದೂರದಲ್ಲಿ ಹೊಗೆ ಏಳುವ ಕಡೆ ಅದರ ಗೆಳೆಯ ಕಾಯುತ್ತಿರುತ್ತದೆ. ಅಲ್ಲಿಗೆ ಮುಟ್ಟಿಸಿದರೆ ಎರಡು ಬೀಜ ಬಹುಮಾನ. ಎತ್ತಿಕೊಂಡು ಹೋದರೆ ಆಯಿತು. ನಾನು ಮಾತ್ರ ಹಲಗೆಗೆ ಚಕ್ರ ಅಂಟಿಸಿ ಅದಕ್ಕೊಂದು ಗಾಡಿ ಮಾಡಲು ಹೊರಟೆ. ಗಾಡಿ ನದಿಗೆ ಬಿತ್ತು. ಎರಡನೆಯದು ಎಡಕ್ಕೇ ಎಳೆಯುತ್ತಿತ್ತು. ಮೂರನೆಯದಕ್ಕೆ ಹಿಂದೆ ಒಂದು ಫ್ಯಾನ್ ಕಟ್ಟಿದೆ. ಭಾನುವಾರ ಮಧ್ಯಾಹ್ನ ಪೂರ್ತಿ ಹೋಯಿತು.

ಕೊರೋಕ್ ಗೆಳೆಯನನ್ನು ಸೇರಿತು. ರಾಜಕುಮಾರಿ ಇನ್ನೂ ಸಿಕ್ಕಿಲ್ಲ.